ಲ್ಯಾಪ್‌ಟಾಪ್ ಒಳಗಿಂದ ಗರ್‌ರ್, ನಡುವೆ ಟಕ್ ಟಕ್: ಯಾರಿಗಾದರೂ ಹೀಗಾಗಿತ್ತಾ?

ಗದಗ, ಕೇಳಿದವರು
ನಮಸ್ಕಾರ ರೀ ಎಲ್ಲರಿಗೂ. ನನ್ನದು ಹಳೇ ಲ್ಯಾಪ್‌ಟಾಪ್, ಒಳಗೆ ಇನ್ನೂ ಹಾರ್ಡ್ ಡಿಸ್ಕೇ ಇದೆ. ಡಿಟಿಪಿ ಕೆಲಸಕ್ಕೆ ಬಳಸುತ್ತೇನೆ, ಮದುವೆ ಕಾರ್ಡು, ಪಾಂಪ್ಲೆಟ್ಟು ಎಲ್ಲ ಅದರಲ್ಲೇ. ಈಗ ಆನ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಗರ್‌ರ್ ಅಂತ ಶುರುವಾಗುತ್ತದೆ. ನಡುನಡುವೆ ಟಕ್ ಟಕ್ ಅಂತಲೂ ಕೇಳುತ್ತದೆ. ಅಂಗಡಿಗೆ ಒಯ್ದರೆ ಬಿಚ್ಚಿ ಕೂಡ ನೋಡಲಿಲ್ಲ, "ಬೋರ್ಡ್ ಹೋಗಿರಬೇಕು, ಬಿಟ್ಟು ಹೋಗ್ರಿ" ಅಂದರು. ವಾಪಸ್ ತಂದೆ. ಮನೆಯಲ್ಲೇ ಏನಾದರೂ ಪತ್ತೆ ಹಚ್ಚಬಹುದಾ?

ಹುಬ್ಬಳ್ಳಿ, ರಿಪೇರಿ ಕೆಲಸದವರು
ಬೋರ್ಡ್ ಹೋದರೆ ಮಷೀನು ಸುಮ್ನೆ ಕೂರುತ್ತದೆ, ಗರ್‌ರ್ ಅನ್ನೋದಿಲ್ಲ. ನಿಮ್ಮದರಲ್ಲಿ ತಿರುಗುವಂಥದ್ದು ಫ್ಯಾನು, ಹಾರ್ಡ್ ಡಿಸ್ಕು, ಡಿವಿಡಿ ಡ್ರೈವ್ ಇದ್ದರೆ ಅದು, ಅಷ್ಟೇ. ಸದ್ದು ಹೇಗಿದೆ ಅನ್ನೋದಕ್ಕಿಂತ ಯಾವಾಗ ಬರುತ್ತದೆ ಅನ್ನೋದನ್ನ ನೋಡ್ರಿ. ಮೊದಲು ವಾಲ್ಯೂಮ್ ಮ್ಯೂಟ್ ಮಾಡ್ರಿ. ಸದ್ದು ನಿಂತರೆ ಅದು ಸ್ಪೀಕರ್‌ದು, ಬಿಚ್ಚೋ ಕೆಲಸವೇ ಇಲ್ಲ. ನಿಲ್ಲದಿದ್ದರೆ ದಿನಪತ್ರಿಕೆಯನ್ನ ಕೊಳವೆ ಥರ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ ಹಿಡಿದು ಮೂಲೆ ಮೂಲೆ ಕೇಳ್ರಿ. ಬಿಸಿಗಾಳಿ ಹೊರಬರೋ ಕಡೆ ಫ್ಯಾನು ಇರುತ್ತದೆ. ಡಿಸ್ಕು ಸಾಮಾನ್ಯವಾಗಿ ಅಂಗೈ ಊರುವ ಜಾಗದ ಕೆಳಗೆ, ಎಡಕ್ಕೋ ಬಲಕ್ಕೋ.

ಗರ್‌ರ್ ಕಾಯಬಹುದು. ನನಗೆ ಚಿಂತೆ ಇರೋದು ಆ ಟಕ್ ಟಕ್ ಬಗ್ಗೆ. ಸುಮ್ನೆ ಬಿಟ್ಟಾಗ ಒಂದು ಸಲ ಮೆಲ್ಲಗೆ ಟಿಕ್ ಅಂದರೆ ಅದು ಡಿಸ್ಕಿನ ಹೆಡ್ಡು, ಅಂದ್ರೆ ಡೇಟಾ ಓದೋ ಬರೆಯೋ ಭಾಗ, ಪಕ್ಕಕ್ಕೆ ಹೋಗಿ ಕೂರುವ ಸದ್ದು, ಹೆದರಬೇಡ್ರಿ. ಆದರೆ ಒಂದೇ ತಾಳದಲ್ಲಿ ಟಕ್, ಟಕ್, ಟಕ್ ಅಂತಿದ್ದು ಆ ಹೊತ್ತಿಗೇ ಫೈಲು ತೆರೆಯೋಕೆ ತಡವಾದರೆ, ಮೌಸ್ ಕೂಡ ಹಂಗೇ ನಿಂತುಬಿಟ್ಟರೆ, ಹೆಡ್ಡಿಗೆ ಓದಲು ಆಗ್ತಾ ಇಲ್ಲ, ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಇದೆ ಅಂತ ಅರ್ಥ. ಅದು ಎಷ್ಟು ದಿನ ಬಾಳುತ್ತದೋ ಯಾರೂ ಹೇಳೋಕಾಗಲ್ಲ. ಹಾಗಿದ್ದರೆ ಬೇರೆ ಏನೂ ಮಾಡುವ ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಫೈಲು ಕಾಪಿ ಮಾಡ್ರಿ, ತೀರಾ ಬೇಕಾದವು ಮೊದಲು, ಸಿನಿಮಾ ಹಾಡು ಕೊನೆಗೆ. ಫೈಲು ಜೋಡಿಸೋ ಡಿಫ್ರಾಗ್, ಡಿಸ್ಕಿನ ದೋಷ ಹುಡುಕೋ ಚೆಕ್‌ಡಿಸ್ಕ್ ಏನೂ ಓಡಿಸಬೇಡ್ರಿ, ಸಾಯೋ ಡಿಸ್ಕನ್ನ ಅದು ಇನ್ನೂ ದಣಿಸುತ್ತದೆ. ಕಾಪಿ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ನೋಡ್ರಿ. ನೀಲಿ ಬಂದರೆ ಒಳ್ಳೇದು. ಹಳದಿ ಬಂದು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗ ಕೊಟ್ಟ ತುಣುಕು), ಪೆಂಡಿಂಗ್ ಸೆಕ್ಟರ್ (ಓದೋಕೆ ಆಗದೆ ಅನುಮಾನದಲ್ಲಿರೋ ತುಣುಕು) ಸಂಖ್ಯೆ ಏರುತ್ತಾ ಹೋದರೆ ಡಿಸ್ಕು ಬದಲಿಸಬೇಕು.

ಬ್ಯಾಡಗಿ
ಗರ್‌ರ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಊರು ಗೊತ್ತಲ್ಲ, ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರ್ಕೆಟ್ ಹತ್ತಿರ ಕೂತು ಲೆಕ್ಕ ಬರೆಯೋ ಮಷೀನಿನೊಳಗೆ ಏನೇನು ಹೋಗುತ್ತದೋ! ನಮ್ಮದನ್ನ ಬಿಚ್ಚಿದಾಗ ಫ್ಯಾನು ಮೇಲಿಂದ ಚೊಕ್ಕವಾಗಿಯೇ ಕಂಡಿತು. ಫ್ಯಾನಿನ ಬಾಯಿಗೂ ಅದರ ಮುಂದಿರುವ ಲೋಹದ ಸಣ್ಣ ಜಾಲರಿಗೂ ನಡುವೆ ಧೂಳು ಒತ್ತಿ ಒತ್ತಿ ದಪ್ಪ ಪದರ ಆಗಿತ್ತು, ಕೆಂಪು ಬಣ್ಣದ್ದು, ಚಿಮಟದಿಂದ ಎಳೆದರೆ ಇಡಿಯಾಗಿಯೇ ಬಂತು. ಆಮೇಲೆ ಮನೆಮಂದಿಗೆಲ್ಲ ಸೀನು. ಗಾಳಿ ಹೋಗೋಕೆ ದಾರಿ ಇಲ್ಲ ಅಂದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಫ್ಯಾನು ಇನ್ನೂ ಜೋರು, ಅದಕ್ಕೇ ಆನ್ ಮಾಡಿದ ಕೂಡಲೇ ಬರದೆ ಸ್ವಲ್ಪ ಹೊತ್ತಿನ ಮೇಲೆ ಗರ್‌ರ್ ಅನ್ನೋದು. ಬಿಚ್ಚುವುದಾದರೆ ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಕೂಡ ಕಳಚಿ, ಮೆತ್ತನೆ ಬ್ರಶ್ಶಿನಲ್ಲಿ ಒರೆಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಹಿಡಿದಿರಬೇಕು, ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗು ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ, ಅದರಲ್ಲಿ ನೀರಿನ ಪಸೆ ಇರುತ್ತದೆ. ಒರೆಸಿದ ಮೇಲೂ ಗರ್‌ರ್ ಅಂದರೆ, ಅದರಲ್ಲೂ ಲ್ಯಾಪ್‌ಟಾಪನ್ನ ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗು ಸವೆದಿದೆ, ಫ್ಯಾನು ಹೊಸದೇ ಹಾಕಿಸಿ. ಎಣ್ಣೆ ಬಿಟ್ಟರೆ ಕೆಲವು ದಿನ ಸುಮ್ನಿರುತ್ತದೆ, ಮತ್ತೆ ಅದೇ ರಾಗ.

ಧಾರವಾಡ, ಸಪ್ತಾಪುರ
ಹುಬ್ಬಳ್ಳಿ ಅಣ್ಣಾವ್ರೇ, ಬೋರ್ಡು ಸದ್ದೇ ಮಾಡಲ್ಲ ಅನ್ನೋದು ಪೂರ್ತಿ ಸರಿಯಲ್ಲ. ನನ್ನದರಲ್ಲಿ ಫ್ಯಾನು ನಿಂತಿದ್ದಾಗಲೂ ಸಣ್ಣಗೆ ಚೀಂ ಅನ್ನುತ್ತಿತ್ತು, ಪಿಡಿಎಫ್ ನೋಟ್ಸ್ ಮೇಲೆ ಕೆಳಗೆ ಸರಿಸಿದಂತೆಲ್ಲ ಸದ್ದು ಏರಿಳಿಯುತ್ತಿತ್ತು. ಕರೆಂಟ್ ಹರಿಯುವಾಗ ಬೋರ್ಡಿನ ಮೇಲಿನ ಕಾಯಿಲ್ ಅದುರುವುದರಿಂದ ಹಾಗೆ. ಕಿರಿಕಿರಿ ಅಷ್ಟೇ, ಅಪಾಯ ಇಲ್ಲ. ಕೆಲವೊಮ್ಮೆ ಚಾರ್ಜರೇ ಗುಂಯ್ ಅನ್ನುತ್ತದೆ, ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಜಾಸ್ತಿ. ಚಾರ್ಜರ್ ಕಳಚಿ ನೋಡಿದರೆ ಗೊತ್ತಾಗುತ್ತದೆ.

ಹಾವೇರಿ
ಒಂದೇ ಮಾತು. ಅಂಗೈ ಊರಿದಾಗ ಕಟಕ್ ಕಟಕ್ ಅಂದರೆ, ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಬ್ಯಾಟರಿ ಉಬ್ಬಿದೆ. ಒತ್ತಿ ಕೂರಿಸೋಕೆ ಹೋಗಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಉಳಿದ ಸದ್ದಿಗೆಲ್ಲ ಕಾಯಬಹುದು, ಇದಕ್ಕಿಲ್ಲ.

ಗದಗ, ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್ ರೀ. ಮ್ಯೂಟ್ ಮಾಡಿದರೂ ನಿಲ್ಲಲಿಲ್ಲ. ಪೇಪರ್ ಕೊಳವೆ ಚೆನ್ನಾಗಿ ಕೆಲಸ ಮಾಡಿತು, ನನ್ನ ಮಗಳು ಕಸಿದುಕೊಂಡು ಮನೆಯ ಫ್ರಿಜ್ಜು, ಮಿಕ್ಸರು ಎಲ್ಲ ಕೇಳಿ ಬಂದಳು. ಗರ್‌ರ್ ಬಿಸಿಗಾಳಿಯ ಕಡೆಯಿಂದಲೇ. ಟಕ್ ಟಕ್ ಬಲಗೈ ಕೆಳಗೆ. ಫೈಲು ಕಾಪಿ ಆಗ್ತಾ ಇವೆ, ಆದರೆ ಒಂದು ಫೋಲ್ಡರಿಗೆ ಬಂದಾಗ ತುಂಬ ಹೊತ್ತು ನಿಲ್ಲುತ್ತದೆ, ಅಲ್ಲೇ ಸದ್ದು. ಸಾಫ್ಟ್‌ವೇರಿನಲ್ಲಿ ಹಳದಿ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ಡಿಸ್ಕು, ಹಾಕಿಸಿದರೆ ಹಳೇ ಡಿಸ್ಕನ್ನ ಇದ್ದಂತೆಯೇ ಅದಕ್ಕೆ ಇಳಿಸಬಹುದಾ?

ಹುಬ್ಬಳ್ಳಿ, ರಿಪೇರಿ ಕೆಲಸದವರು
ಧಾರವಾಡದವರು ಹೇಳಿದ್ದು ಒಪ್ಪಿದೆ, ಆದರೆ ಚೀಂ ಬೇರೆ, ಗರ್‌ರ್ ಬೇರೆ. ಗದಗಿನವರೇ, ನಿಲ್ಲೋ ಫೋಲ್ಡರನ್ನ ಬಿಟ್ಟು ಉಳಿದದ್ದು ಮುಗಿಸ್ರಿ, ಅದಕ್ಕೆ ಕೊನೆಗೆ ಕೈ ಹಾಕ್ರಿ. ಹಳೇ ಡಿಸ್ಕು ಸಾಟಾ (ಡಿಸ್ಕು ಜೋಡಿಸೋ ಕನೆಕ್ಟರಿನ ಒಂದು ಬಗೆ) ಆಗಿದ್ದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅದೇ ಜಾಗಕ್ಕೆ ಕೂರುತ್ತದೆ. ನೀವು ಕೇಳಿದ ಹಾಗೆ ಇದ್ದಂತೆಯೇ ಇಳಿಸೋದು, ಅಂದ್ರೆ ಕ್ಲೋನ್, ಮಾತ್ರ ಬೇಡ, ಹಾಳಾದ ಡಿಸ್ಕನ್ನ ತುದಿಯಿಂದ ತುದಿಗೆ ಓದಿಸಿದರೆ ನಡುವೆಯೇ ಕೈ ಕೊಡಬಹುದು. ವಿಂಡೋಸ್ ಹೊಸದಾಗಿ ಹಾಕಿಸಿ, ಫೈಲು ಮಾತ್ರ ತುಂಬ್ರಿ. ಹಾಕಿಸುವಾಗ ಕವರು ಹೇಗೂ ತೆಗೀತಾರೆ, ಫ್ಯಾನಿನ ಜಾಲರಿಯನ್ನೂ ಅವರ ಕೈಲೇ ಒರೆಸಿಸಿ. ಮತ್ತೆ ಡಿಟಿಪಿ ಅಂದ್ರಲ್ಲ, ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನಿಮ್ಮ ಹಳೇ ನುಡಿ ಫಾಂಟುಗಳನ್ನೂ ಈಗಲೇ ಕಾಪಿ ಮಾಡ್ಕೊಳ್ರಿ. ಇಲ್ಲದಿದ್ದರೆ ಹೊಸದರಲ್ಲಿ ಹಳೇ ಕಾರ್ಡು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಗಜಿಬಿಜಿ ಬರುತ್ತದೆ.