ಮೀನಿನ ತೊಟ್ಟಿಯ ನೀರನ್ನು ಎಷ್ಟು ದಿನಕ್ಕೊಮ್ಮೆ, ಎಷ್ಟು ಬದಲಿಸಬೇಕು?

ಪ್ರಶ್ನೆ: ವಿಜಯಪುರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್ ಫಿಶ್ ಸಾಕಿದ್ದೇವೆ. ಸ್ಪಂಜಿನ ಫಿಲ್ಟರ್ ಮತ್ತು ಏರ್ ಪಂಪ್ ಹಗಲು ರಾತ್ರಿ ನಡೆಯುತ್ತಿರುತ್ತವೆ. ತಿಂಗಳಿಗೊಮ್ಮೆ ಇಡೀ ನೀರನ್ನು ಚೆಲ್ಲಿ, ಹರಳು ಮತ್ತು ಸ್ಪಂಜನ್ನು ತಿಕ್ಕಿ ತೊಳೆಯಬೇಕೆಂದು ಅಂಗಡಿಯವರು ಹೇಳುತ್ತಾರೆ. ಫಿಲ್ಟರ್ ಸರಿಯಾಗಿದ್ದರೆ ನೀರು ಬದಲಿಸುವ ಅಗತ್ಯವೇ ಇಲ್ಲ, ಆರಿಹೋದಷ್ಟನ್ನು ತುಂಬಿದರೆ ಸಾಕೆಂದು ನೆರೆಮನೆಯ ಹಿರಿಯರು ಹೇಳುತ್ತಾರೆ. ಕೃಷ್ಣಾ ನದಿಯ ನಳದ ನೀರು ನಮ್ಮ ಓಣಿಗೆ ದಿನಾಲೂ ಬರುವುದಿಲ್ಲ. ಉಳಿದ ದಿನಗಳಲ್ಲಿ ಬಳಸುವ ಬೋರ್ ನೀರು ಸವಳು, ಪಾತ್ರೆಗೆ ಬಿಳಿ ಪದರು ಕಟ್ಟುವಷ್ಟು ಗಡಸು. ಇಂಥ ಸ್ಥಿತಿಯಲ್ಲಿ ಯಾವ ಕ್ರಮವನ್ನು ಅನುಸರಿಸಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಬಾಗಲಕೋಟೆಯಿಂದ

ಸರ್, ತಾವು ಕೇಳಿದ ಎರಡೂ ಸಲಹೆಗಳನ್ನು ಬಿಟ್ಟುಬಿಡುವುದು ಮೀನುಗಳಿಗೆ ಒಳ್ಳೆಯದು.

ಮೊದಲನೆಯದು ಹೆಚ್ಚು ಅಪಾಯಕಾರಿ. ಮೀನಿನ ಮಲ, ಉಸಿರಾಟ ಮತ್ತು ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಸ್ಪಂಜು, ಹರಳುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಎಲ್ಲವನ್ನೂ ಒಟ್ಟಿಗೆ ತಿಕ್ಕಿ ತೊಳೆದರೆ ಅಷ್ಟೂ ಕೆಲಸ ಹಾಳಾಗಿ, ಅಮೋನಿಯಾ ಮತ್ತೆ ಏರುತ್ತದೆ. ನಮ್ಮ ಭಾಗದ ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ, ಅಂದರೆ ಅದರ ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) 7ಕ್ಕಿಂತ ಹೆಚ್ಚಿರುವುದರಿಂದ, ಇದರ ಪೆಟ್ಟು ಇನ್ನೂ ಜೋರು. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಶೇ. 1ಕ್ಕಿಂತ ಕಡಿಮೆ; ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ. ನೀರು ಬಿಸಿಯಾದಷ್ಟೂ ಆ ಪಾಲು ಮತ್ತಷ್ಟು ಹೆಚ್ಚುತ್ತದೆ.

ಹಿರಿಯರ ಮಾತಿನಲ್ಲಿ ಫಿಲ್ಟರ್ ಬಗೆಗಿನ ಅರ್ಧ ಸತ್ಯವಿದೆ. ಆದರೆ ಫಿಲ್ಟರ್ ನೈಟ್ರೇಟನ್ನು ಹೊರಹಾಕುವುದಿಲ್ಲ. ಅದನ್ನು ನಾವೇ ನೀರಿನೊಂದಿಗೆ ತೆಗೆಯಬೇಕು. ಎಷ್ಟು ತೆಗೆಯಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ತಮ್ಮ ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಏರುತ್ತದೆ ಎಂದಿಟ್ಟುಕೊಳ್ಳಿ, ತುಂಬುವ ನೀರಿನಲ್ಲಿ ನೈಟ್ರೇಟ್ ಇಲ್ಲವೆಂದೂ ಇಟ್ಟುಕೊಳ್ಳಿ. ವಾರಕ್ಕೆ ಶೇ. 25ರಷ್ಟು ಬದಲಿಸಿದರೆ, ಕಾಲಕ್ರಮದಲ್ಲಿ ಅದು ಪ್ರತಿ ವಾರದ ಕೊನೆಗೆ 80 ಮಿಲಿಗ್ರಾಂ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಶೇ. 50ರಷ್ಟು ಬದಲಿಸಿದರೆ 40ಕ್ಕೆ ನಿಲ್ಲುತ್ತದೆ. ಆದ್ದರಿಂದ ಎಲ್ಲ ತೊಟ್ಟಿಗಳಿಗೂ ಒಂದೇ ಅಳತೆ ಹೇಳುವುದು ತಪ್ಪು. ನೈಟ್ರೇಟ್ ಪರೀಕ್ಷೆಯ ಕಿಟ್ ತಂದು, ನೀರು ಬದಲಿಸುವ ಮುನ್ನ ಅಳೆದು, 40 ಮೀರದಂತೆ ನೋಡಿಕೊಳ್ಳಬೇಕು. ನಳದ ನೀರನ್ನೂ ಬೋರ್ ನೀರನ್ನೂ ಒಮ್ಮೆ ಅದೇ ಕಿಟ್ಟಿನಿಂದ ಪರೀಕ್ಷಿಸಿಕೊಳ್ಳಿ, ಏಕೆಂದರೆ ಹೊಲಗಳ ನಡುವಿನ ಬೋರ್ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಮೊದಲೇ ಇರಬಹುದು.

ತಮ್ಮ ತೊಟ್ಟಿಯ ಅಳತೆಯಂತೆ ಪೂರ್ತಿ ತುಂಬಿದರೆ 127 ಲೀಟರ್. ಹರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 110 ಲೀಟರ್. ಗೋಲ್ಡ್ ಫಿಶ್ ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಮೀನು. ನಾಲ್ಕು ಮೀನು ಬೆಳೆದು ದೊಡ್ಡವಾದಾಗ ಈ ತೊಟ್ಟಿ ಅವಕ್ಕೆ ಚಿಕ್ಕದಾಗುತ್ತದೆ ಎಂಬುದನ್ನು ಈಗಲೇ ಗಮನದಲ್ಲಿಡಿ. ಸದ್ಯಕ್ಕೆ ವಾರಕ್ಕೊಮ್ಮೆ 35ರಿಂದ 45 ಲೀಟರ್, ಅಂದರೆ ಎರಡು ಮೂರು ಬಕೆಟ್ ನೀರನ್ನು ಪೈಪಿನಿಂದ ತಳದ ಹೊಲಸಿನೊಂದಿಗೆ ಎಳೆದು ತೆಗೆಯಿರಿ. ಸ್ಪಂಜನ್ನು ನಳದ ಕೆಳಗೆ ಹಿಡಿಯದೆ, ತೆಗೆದ ಆ ನೀರಿನಲ್ಲಿಯೇ ಹಿಂಡಿರಿ.

ಉತ್ತರ: ಬೆಳಗಾವಿಯಿಂದ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ವಾರಕ್ಕೊಮ್ಮೆ 45 ಲೀಟರ್ ಬದಲಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ 20 ಲೀಟರ್ ಬದಲಿಸುವುದು ಮೀನುಗಳಿಗೆ ಹಿತವೆಂದು ನನ್ನ ಅಭಿಪ್ರಾಯ, ಏಕೆಂದರೆ ನೀರಿನ ಗುಣ ಒಮ್ಮೆಲೇ ಏರುಪೇರಾಗುವುದಿಲ್ಲ. ನಮ್ಮಲ್ಲಿ ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ನಳಕ್ಕೆ ಬರುವುದರಿಂದ ಗಡಸುತನದ ಚಿಂತೆ ನನಗೆ ಅಷ್ಟಿಲ್ಲ; ಕ್ಲೋರಿನ್ ಬಗ್ಗೆ ಮಾತ್ರ ಎಚ್ಚರ ವಹಿಸುತ್ತೇನೆ. ನಳದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಅದರಲ್ಲಿ ಏರ್ ಪಂಪಿನ ಕೊಳವೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ದ್ರಾವಣವನ್ನು ಶೀಶೆಯ ಮೇಲೆ ಬರೆದ ಪ್ರಮಾಣದಲ್ಲಿ ಬಳಸಬಹುದು.

ಪ್ರಶ್ನೆ ಕೇಳಿದವರು: ವಿಜಯಪುರದಿಂದ

ಇಬ್ಬರಿಗೂ ಕೃತಜ್ಞತೆಗಳು. ಇನ್ನೆರಡು ಸಂದೇಹಗಳಿವೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಬಹಳ ಬೇಗ ಆರುತ್ತದೆ. ಆಗ ಬೋರ್ ನೀರು ತುಂಬಬಹುದೇ? ಮನೆಯ ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥ ಮಾಡದೆ ಇದಕ್ಕೆ ಬಳಸಬಹುದೇ?

ಉತ್ತರ: ಬಾಗಲಕೋಟೆಯಿಂದ

ಆರ್‌ಓ ಹೊರಬಿಟ್ಟ ನೀರನ್ನು ದಯವಿಟ್ಟು ಹಾಕಬೇಡಿ. ಯಂತ್ರ ಬೇರ್ಪಡಿಸಿದ ಲವಣಗಳೆಲ್ಲ ಅದರಲ್ಲಿಯೇ ಇರುವುದರಿಂದ ಅದು ಬೋರ್ ನೀರಿಗಿಂತಲೂ ಗಡಸು. ಮನೆ ಒರೆಸಲು ಅದು ನಡೆಯುತ್ತದೆ.

ಆರಿದ ನೀರಿನ ವಿಷಯ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹುಮುಖ್ಯ. ಸಾರು ಕುದ್ದು ಬತ್ತಿದಷ್ಟೂ ಉಪ್ಪಾಗುವಂತೆ, ತೊಟ್ಟಿಯಿಂದ ಆವಿಯಾಗುವುದು ಬರೀ ನೀರು, ಲವಣವೆಲ್ಲ ಒಳಗೇ ಉಳಿಯುತ್ತದೆ. ವಾರಕ್ಕೆ 10 ಲೀಟರ್ ಆರುತ್ತದೆ, ಅದರ ಬದಲು ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂಗಳಲ್ಲಿ) 800 ಇರುವ ಬೋರ್ ನೀರು ತುಂಬುತ್ತೀರಿ ಎಂದುಕೊಂಡರೆ, ಪ್ರತಿ ವಾರ 8 ಗ್ರಾಂ ಲವಣ ಹೊಸದಾಗಿ ಸೇರಿದಂತಾಯಿತು. 110 ಲೀಟರಿನಲ್ಲಿ ಟಿಡಿಎಸ್ ವಾರಕ್ಕೆ 70ಕ್ಕಿಂತ ಹೆಚ್ಚು ಏರುತ್ತದೆ. ನೀರು ತಿಳಿಯಾಗಿಯೇ ಕಾಣುವುದರಿಂದ ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಆರಿದಷ್ಟನ್ನು ಆರ್‌ಓ ಯಂತ್ರದ ಕುಡಿಯುವ ನೀರಿನಿಂದ ತುಂಬಿ, ವಾರದ ಬದಲಾವಣೆಗೆ ಮಾತ್ರ ನಳದ ನೀರನ್ನು ಕೂಡಿಟ್ಟುಕೊಳ್ಳಿ. ಪೂರ್ತಿ ಬದಲಾವಣೆಯನ್ನು ಬರೀ ಆರ್‌ಓ ನೀರಿನಿಂದ ಮಾಡಬಾರದು. ಗೋಲ್ಡ್ ಫಿಶ್‌ಗೆ ಸ್ವಲ್ಪ ಗಡಸುತನ ಬೇಕೇ ಬೇಕು.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ. ರಾತ್ರಿಯೇ ಹಿಡಿದು ಮನೆಯೊಳಗಿಟ್ಟು, ಬೆಳಿಗ್ಗೆ ಎರಡೂ ನೀರಿನ ಉಷ್ಣತೆಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ಅಂತರವಿಲ್ಲವೆಂದು ನೋಡಿ ಹಾಕಬೇಕು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಇದ್ದದ್ದು 35ರಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ನಳ ಬಾರದೆ ನೀರು ಬದಲಿಸಲಾಗದ ವಾರದಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸಿ, ಏರ್ ಪಂಪನ್ನು ನಿಲ್ಲಿಸದೆ ಇಡಿ. ನಳ ಬಂದ ಮೇಲೆ ಬಾಕಿ ಉಳಿದದ್ದನ್ನು ಒಂದೇ ಸಲ ಬದಲಿಸದೆ, ಬೆಳಗಾವಿಯವರು ಹೇಳಿದಂತೆ 20 ಲೀಟರಿನಂತೆ ಎರಡು ಮೂರು ಕಂತುಗಳಲ್ಲಿ ಬದಲಿಸಿ.