ಸಹಾಯ ಬೇಕು: ಮಣ್ಣಿನ ಇಟ್ಟಿಗೆ ಕಲಿಸುವ ವಿಡಿಯೊಗಳಿಗೆ

ನಮಸ್ಕಾರ. ಶಿರಸಿ, ಕುಮಟಾ ಕಡೆಯ ಗೌಂಡಿಗಳಿಗೂ ಮನೆ ಕಟ್ಟಿಸುವವರಿಗೂ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಕಲಿಸುವ ವಿಡಿಯೊ ಮಾಡುತ್ತಿದ್ದೇವೆ. ಘಟ್ಟದ ಹಳ್ಳಿಗಳ ನೆಟ್‌ವರ್ಕ್ ಗೊತ್ತಲ್ಲ! ಹಾಗಾಗಿ 480ಪಿ, ತಲಾ ಎರಡು ನಿಮಿಷ, 15 ಎಂಬಿ ಒಳಗೆ.

ತೊಡಕಿರುವುದು ಹದ ತೋರಿಸುವುದರಲ್ಲಿ. ಕೈಗೆ ತಿಳಿಯುವ ತೇವ ಕ್ಯಾಮೆರಾಕ್ಕೆ ಕಾಣದು. ಅದಕ್ಕೇ ಉಂಡೆ ಪರೀಕ್ಷೆ: ಕಲಸಿದ ಮಣ್ಣನ್ನು ಉಂಡೆ ಮಾಡಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟಾಗ ನಾಲ್ಕೈದು ಚೂರಾದರೆ ಸರಿ, ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು. ಫೋನನ್ನು ನೆಲಮಟ್ಟದಲ್ಲಿ ಪಕ್ಕಕ್ಕಿಟ್ಟು, ಎಲ್ಲೂ ಕತ್ತರಿಸದೆ ತೆಗೆದರಷ್ಟೇ ಇದು ನಂಬಿಕೆ ಹುಟ್ಟಿಸುತ್ತದೆ. ಜೇಡಿ ಹೆಚ್ಚಿದ್ದರೆ ಇಟ್ಟಿಗೆ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಸೇರಿಸಬೇಕು. ಕಡಲ ದಂಡೆಯ ಮರಳು ಮಾತ್ರ ಬೇಡ, ಉಪ್ಪು ಗೋಡೆ ಮೇಲೆ ಬಿಳಿಯಾಗಿ ಏಳುತ್ತದೆ.

ಸಿಮೆಂಟ್ ತೂಕದಲ್ಲಿ ಶೇ. 7–8. ನೀರು ಬಿದ್ದ ಮೇಲೆ ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು. ತಡವಾದರೆ ಸಿಮೆಂಟ್ ಕಟ್ಟಿಕೊಂಡು ಇಟ್ಟಿಗೆಯ ಅಂಚು ಉದುರುತ್ತದೆ. ಆಮೇಲೆ ಮೂರು ವಾರ ನೆರಳಲ್ಲಿ ಕ್ಯೂರಿಂಗ್, ಅಂದರೆ ಇಟ್ಟಿಗೆ ಒಣಗದಂತೆ ತೇವ ಉಳಿಸುವುದು. ಎಡಿಟಿಂಗ್‌ನಲ್ಲಿ ಇದನ್ನು ಹಾರಿಸಿದರೆ ನೋಡಿದವರೂ ಹಾರಿಸುತ್ತಾರೆ, ಪರದೆ ಮೇಲೆ ದಿನಾಂಕ ಹಾಕುವುದೇ ವಾಸಿ.

ಬೇಕಿರುವುದು: ಕಾರವಾರ ಕಡೆಯ ಕೊಂಕಣಿಯಲ್ಲಿ ದನಿ ಕೊಡುವವರು, ಗೌಂಡಿ ಕೆಲಸದ ಮಾತು ಬಲ್ಲವರಾದರೆ ಒಳ್ಳೆಯದು. ತಗಡಿನ ಶೆಡ್‌ನಲ್ಲಿ ಮಳೆ ಸದ್ದಿನ ನಡುವೆ ಮಾತು ಸ್ಪಷ್ಟವಾಗಿ ಹಿಡಿಯುವ, ಅಂಗಿಗೆ ಸಿಕ್ಕಿಸುವ ಮೈಕ್ ಯಾವುದೆಂದು ಬಳಸಿದವರು ಹೇಳಿ. ಜೊತೆಗೆ ಅಂಕೋಲಾ, ಹೊನ್ನಾವರದವರು ನಿಮ್ಮೂರ ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಪದರಗಳಲ್ಲಿ ತೋರಿಸುವ ಬಾಟಲಿ ಪರೀಕ್ಷೆಯ ಫೋಟೊ ಕಳಿಸಿ. ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ, ಇಡೀ ದಿನ ಅಲುಗಿಸದೆ ಬಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ.