ಹಳೇ ಕಾರ್ಖಾನೆ ಜಾಗದಲ್ಲಿ ವಿಕಿರಣ ಮಾಲಿನ್ಯ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ವಿಕಿರಣ ಸುರಕ್ಷತೆಯ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದವಳು. ಮುಚ್ಚಿಹೋದ ಕಾರ್ಖಾನೆಗಳ ಜಾಗ ಅಳೆಯುವುದು, ಅಲ್ಲಿ ಉಳಿದಿದ್ದನ್ನು ತೆಗೆಸುವುದು, ಆಮೇಲೆ ಆ ಜಾಗವನ್ನು ಮತ್ತೆ ಬಳಕೆಗೆ ಬಿಡಿಸಿಕೊಡುವುದು, ಇಷ್ಟೇ ನನ್ನ ಕೆಲಸ. ಗುಂಪಿನಲ್ಲಿ ಕೆಲವರು ಈ ಬಗ್ಗೆ ಕೇಳಿದ್ದರು. ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಮೇಡಂ, ಅಣು ವಿದ್ಯುತ್ ಸ್ಥಾವರ ಅಂದರೆ ಸರಿ. ಸಾಮಾನ್ಯ ಕಾರ್ಖಾನೆಯಲ್ಲಿ ವಿಕಿರಣ ಎಲ್ಲಿಂದ ಬರುತ್ತದೆ?

ಒಳ್ಳೇ ಪ್ರಶ್ನೆ. ನಾನು ಕಂಡ ಜಾಗಗಳಲ್ಲಿ ಅಣು ಸ್ಥಾವರಗಳೇ ಕಡಿಮೆ. ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳು ನೋಡಿದ್ದೀರಲ್ಲ? ಹಿಂದೆ ಆ ಬಣ್ಣಕ್ಕೆ ರೇಡಿಯಂ ಬೆರೆಸುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ 1917ರಿಂದ 1926ರವರೆಗೆ ಅಂಥ ಒಂದು ಕಾರ್ಖಾನೆ ಅದಿರಿನಿಂದ ರೇಡಿಯಂ ತೆಗೆಯುತ್ತಿತ್ತು. ಗ್ಯಾಸ್ ಲೈಟಿನ ಮ್ಯಾಂಟಲ್ ಬೆಳ್ಳಗೆ ಉರಿಯಲಿ ಎಂದು ಬಟ್ಟೆಯನ್ನು ಥೋರಿಯಂ ದ್ರಾವಣದಲ್ಲಿ ಅದ್ದುತ್ತಿದ್ದರು. ಶಿಕಾಗೋದಲ್ಲಿ ಲಿಂಡ್ಸೆ ಲೈಟ್ ಎಂಬ ಕಂಪನಿ ಅದನ್ನೇ ಮಾಡುತ್ತಿತ್ತು. ಕೆನಡಾದ ಪೋರ್ಟ್ ಹೋಪ್‌ನಲ್ಲಿ 1930ರ ದಶಕದಲ್ಲಿ ರೇಡಿಯಂ, ಆಮೇಲೆ ಯುರೇನಿಯಂ ಶುದ್ಧ ಮಾಡಿದರು.

ಆಗ ಬೇಕಾಗಿದ್ದು ಚಿಟಿಕೆಯಷ್ಟು ರೇಡಿಯಂ. ಉಳಿದ ಗುಡ್ಡದಷ್ಟು ಪುಡಿಮಣ್ಣು ಕಸ. ನೋಡೋಕೆ ಚೆನ್ನಾದ ಮರಳಿನ ಹಾಗೆ ಇರುತ್ತಿತ್ತು. ಹಾಗಾಗಿ ಅದು ತಗ್ಗು ತುಂಬಲು, ಮನೆ ಕಟ್ಟಲು ಹೋಯಿತು. ಕಾರ್ಖಾನೆಯ ಕಾಂಪೌಂಡ್ ದಾಟಿದ್ದು ಹೀಗೆ. ನ್ಯೂಜೆರ್ಸಿಯ ಮಾಂಟ್‌ಕ್ಲೇರ್, ಗ್ಲೆನ್ ರಿಡ್ಜ್ ಬಡಾವಣೆಗಳ ಮನೆಗಳ ಕೆಳಗೆ ಈ ಮಣ್ಣು ಇರುವುದು ಗೊತ್ತಾಗಿದ್ದು 1980ರ ದಶಕದಲ್ಲಿ, ವಿಮಾನದಿಂದ ಗಾಮಾ ಕಿರಣ (ಮಣ್ಣು, ಗೋಡೆ ದಾಟಿ ದೂರದವರೆಗೆ ಬರುವ ವಿಕಿರಣ) ಅಳೆದ ಮೇಲೆ. ಅಷ್ಟರಲ್ಲಿ ಅಲ್ಲಿ ಎಷ್ಟು ಮಕ್ಕಳು ಬೆಳೆದು ದೊಡ್ಡವರಾಗಿದ್ದರೋ ಯೋಚಿಸಿ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರ್. ಇಂಥ ಜಾಗಕ್ಕೆ ಹೋದಾಗ ನೀವು ಮೊದಲು ಏನು ಮಾಡುತ್ತೀರಿ? ನೇರ ಮೀಟರ್ ಹಿಡಿದು ಓಡಾಡುವುದಾ?

ಇಲ್ಲ, ಮೊದಲು ಕಾಗದ. ಹಳೇ ನಕ್ಷೆ, ಖರೀದಿ ಲೆಕ್ಕ, ಚರಂಡಿ ಎಲ್ಲಿ ಹೋಗುತ್ತಿತ್ತು, ಕಸ ಎಲ್ಲಿ ಸುರಿಯುತ್ತಿದ್ದರು. ಅಲ್ಲಿ ದುಡಿದ ಹಿರಿಯರು ಸಿಕ್ಕರೆ ಅವರ ಜೊತೆ ಕೂತು ಮಾತಾಡುವುದು. "ಆ ಮೂಲೆಯಲ್ಲಿ ಒಂದು ಗುಂಡಿ ಇತ್ತಮ್ಮ, ಆಮೇಲೆ ಮುಚ್ಚಿದರು" ಎಂದು ಒಬ್ಬರು ಹೇಳಿದ ಒಂದೇ ಮಾತು ನಮಗೆ ತಿಂಗಳ ಕೆಲಸ ಉಳಿಸಿದ್ದಿದೆ.

ಆಮೇಲೆ ಹಿನ್ನೆಲೆ ವಿಕಿರಣ ಅಳೆಯಬೇಕು. ಮಣ್ಣು, ಕಲ್ಲು, ಇಟ್ಟಿಗೆ, ಎಲ್ಲದರಲ್ಲೂ ಸ್ವಲ್ಪ ಯುರೇನಿಯಂ, ಥೋರಿಯಂ ಇದ್ದೇ ಇರುತ್ತದೆ. ಗ್ರಾನೈಟ್ ಹಾಸಿನ ಮೇಲೆ ಮೀಟರ್ ಏರಿದರೆ ಅದು ಕಾರ್ಖಾನೆಯ ತಪ್ಪಲ್ಲ. ಅದೇ ಬಗೆಯ ಮಣ್ಣಿರುವ, ಕಾರ್ಖಾನೆಯ ಗಾಳಿ ಸೋಕದ ಒಂದು ಜಾಗ ಹುಡುಕಿ ಅಲ್ಲಿ ಅಳೆದಿಟ್ಟುಕೊಳ್ಳಬೇಕು. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ಅದಾದ ಮೇಲೆ ಮೀಟರ್. ನೆಲಕ್ಕೆ ಹಗ್ಗ ಕಟ್ಟಿ ಚೌಕ ಮಾಡಿಕೊಂಡು, ಡಿಟೆಕ್ಟರನ್ನು ನೆಲಕ್ಕೆ ಹತ್ತಿರ ಹಿಡಿದು, ಎಡಕ್ಕೆ ಬಲಕ್ಕೆ ತೂಗುತ್ತಾ ನಿಧಾನ ನಡೆಯುವುದು. ಕಿವಿಯಲ್ಲಿ ಹೆಡ್‌ಫೋನ್. ಮುಳ್ಳು ಅಲುಗುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಟಿಕ್... ಟಿಕ್ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಆಗುತ್ತದೆ. ಅಲ್ಲೇ ನಿಂತು ಗುರುತು ಹಾಕಬೇಕು. ಬಾಗಿಲ ಹೊಸ್ತಿಲು, ಹಲಗೆಗಳ ಸಂದು, ಸಿಂಕಿನ ಕೆಳಗೆ ಬಾಗಿದ ಪೈಪು, ಫ್ಯಾನಿನ ರೆಕ್ಕೆಯ ಮೇಲಿನ ಧೂಳು, ಇವನ್ನು ನಾನು ಯಾವತ್ತೂ ಬಿಡುವುದಿಲ್ಲ.

ಒಂದು ಕಡೆ ಆದದ್ದು ಹೇಳುತ್ತೇನೆ. ಯುರೇನಿಯಂ ಲೋಹವನ್ನು ಲೇತ್ ಯಂತ್ರದಲ್ಲಿ ಕಡೆಯುತ್ತಿದ್ದ ಹಳೇ ವರ್ಕ್‌ಶಾಪು. ನಮಗಿಂತ ಮೊದಲು ಬಂದವರು ಬರೀ ಆಲ್ಫಾ ಮೀಟರಿನಲ್ಲಿ ನೋಡಿ "ನೆಲ ಶುದ್ಧ" ಎಂದು ಬರೆದು ಹೋಗಿದ್ದರು. ಆಲ್ಫಾ ಎಂಬುದು ವಿಕಿರಣದ ಒಂದು ಬಗೆ, ಆ ಕಣವನ್ನು ತಡೆಯಲು ಒಂದು ಹಾಳೆ ಕಾಗದ ಸಾಕು. ಆ ನೆಲಕ್ಕೆ ದಪ್ಪಗೆ ಬಣ್ಣ ಬಳಿದಿದ್ದರು. ಉಗುರಿನಷ್ಟು ಬಣ್ಣ ಎಬ್ಬಿಸಿ ಅದೇ ಮೀಟರ್ ಇಟ್ಟೆವು. ಟಿಕ್‌ಟಿಕ್ ಶುರುವಾಯಿತು. ಎಂಟು ವರ್ಷ ಆ ಕೋಣೆಯನ್ನು ಗೋದಾಮು ಮಾಡಿಕೊಂಡು ಜನ ಓಡಾಡಿದ್ದರು. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಪ್ರಶ್ನೆ: ಏನಾದರೂ ಕೆಮಿಕಲ್ ಹಾಕಿ ವಿಕಿರಣವನ್ನೇ ನಾಶ ಮಾಡೋಕೆ ಆಗಲ್ವಾ? ತೊಳೆದುಬಿಟ್ಟರೆ?

ಆಗುವುದಿಲ್ಲ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಸುಟ್ಟರೂ, ಕುದಿಸಿದರೂ, ಆಸಿಡ್ ಹಾಕಿದರೂ ಆ ಪರಮಾಣು ಹಾಗೇ ಇರುತ್ತದೆ. ಅದರ ಪಾಡಿಗೆ ಅದು ಕರಗಬೇಕು. ಕೋಬಾಲ್ಟ್-60 ಅರ್ಧ ಆಗಲು ಐದು ವರ್ಷದ ಮೇಲೆ ಸ್ವಲ್ಪ, ಸೀಸಿಯಂ-137ಕ್ಕೆ 30 ವರ್ಷ, ರೇಡಿಯಂ-226ಕ್ಕೆ 1600 ವರ್ಷ. ಥೋರಿಯಂ ಬಗ್ಗೆ ಕೇಳಲೇಬೇಡಿ, ಸುಮಾರು 1400 ಕೋಟಿ ವರ್ಷ.

ಹಾಗಾಗಿ ಶುದ್ಧ ಮಾಡುವುದು ಅಂದರೆ ಚೆದುರಿದ್ದನ್ನು ಒಂದು ಕಡೆ ಕೂಡಿಸುವುದು, ಕೂಡಿಸಿದ್ದನ್ನು ಜನರಿಂದ, ನೀರಿನಿಂದ ದೂರ ಇಡುವುದು. ಕೂಡಿಸುವ ಬದಲು ಹರಡುವ ಯಾವ ಕೆಲಸವೂ ಶುದ್ಧೀಕರಣ ಅಲ್ಲ. ಪೈಪ್ ಹಿಡಿದು ನೀರು ಬಿಟ್ಟರೆ ನೆಲದಲ್ಲಿದ್ದದ್ದು ಚರಂಡಿಗೆ ಹೋಯಿತು ಅಷ್ಟೇ. ಕಸಪೊರಕೆಯಲ್ಲಿ ಒಣಗುಡಿಸುವುದಂತೂ ತೀರಾ ಕೆಟ್ಟದ್ದು. ನೆಲದ ಮೇಲೆ ಸುಮ್ನೆ ಬಿದ್ದಿದ್ದ ಧೂಳು ಎದ್ದು ಗಂಟಲಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಚರ್ಮ ತಡೆಯುವ ಆಲ್ಫಾ ಒಳಗೆ ಸೇರಿದರೆ ವರ್ಷಗಟ್ಟಲೆ ಕಾಡುತ್ತದೆ.

ಒರೆಸುವುದಕ್ಕೂ ಒಂದು ರೀತಿ ಇದೆ. ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕಡಿಮೆ ಇರುವ ಅಂಚಿನಿಂದ ಜಾಸ್ತಿ ಇರುವ ನಡುವಿನ ಕಡೆಗೆ ಒಂದೇ ಸಲ ಎಳೆಯಬೇಕು. ಮಡಿಕೆ ತಿರುಗಿಸಿ ಹೊಸ ಮುಖದಲ್ಲಿ ಮತ್ತೆ. ಹಿಂದೆ ಮುಂದೆ ಉಜ್ಜಬಾರದು. ಆಮೇಲೆ ಸಣ್ಣ ದುಂಡು ಕಾಗದದಿಂದ ಅಂಗೈ ಅಗಲ, ಅಂದರೆ 100 ಚದರ ಸೆಂಟಿಮೀಟರ್ ಜಾಗ ಒರೆಸಿ ಆ ಕಾಗದವನ್ನು ಎಣಿಸುತ್ತೇವೆ. ಅದರಲ್ಲಿ ಏನೂ ಬಾರದೆ ನೆಲದಲ್ಲಿ ಮಾತ್ರ ಮೀಟರ್ ಏರಿದರೆ ಮಾಲಿನ್ಯ ಕಾಂಕ್ರೀಟಿನೊಳಗೆ ಅಂಟಿ ಕೂತಿದೆ ಎಂದರ್ಥ. ಆಗ ಮೆಷಿನ್ನಿನಿಂದ ಕೆಲವೇ ಮಿಲಿಮೀಟರ್ ಕೆತ್ತಿ, ಆ ಪುಡಿಯನ್ನು ಅಲ್ಲೇ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಎಳೆದುಕೊಳ್ಳಬೇಕು.

ಪ್ರಶ್ನೆ: ಮಣ್ಣಾದರೆ? ಎಲ್ಲ ಅಗೆದು ಲಾರಿಗೆ ತುಂಬಿದರೆ ಮುಗೀತಲ್ವಾ?

ಅಲ್ಲೇ ಎಲ್ಲರೂ ಎಡವುವುದು. ಮನಸ್ಸಿಗೆ ಬಂದಷ್ಟು ಅಗೆದರೆ ಒಳ್ಳೇ ಮಣ್ಣೂ ಕೆಟ್ಟ ಮಣ್ಣೂ ಕಲಸಿ, ಹತ್ತು ಲಾರಿ ಕಸ ನೂರು ಲಾರಿ ಆಗುತ್ತದೆ. ಸುಮಾರು 15 ಸೆಂಟಿಮೀಟರ್ ಪದರ ತೆಗೆಯಬೇಕು, ನಿಲ್ಲಿಸಬೇಕು, ಅಳೆಯಬೇಕು, ಮತ್ತೆ ಮುಂದಿನ ಪದರ. ಕೆಲವು ಕಡೆ ಬೆಲ್ಟಿನ ಮೇಲೆ ಮಣ್ಣು ಹರಿಸಿ, ಮೇಲಿರುವ ಡಿಟೆಕ್ಟರ್ ಹೇಳಿದ ಹಾಗೆ ಬೇರೆ ಮಾಡುತ್ತಾರೆ. ಸೀಸಿಯಂ ಜೇಡಿಯ ನುಣ್ಣನೆ ಕಣಕ್ಕೆ ಬಿಗಿಯಾಗಿ ಅಂಟುತ್ತದೆ. ಮರಳು ಜಾಸ್ತಿ ಇರುವ ಮಣ್ಣಾದರೆ ತೊಳೆದು ಜೇಡಿಯನ್ನಷ್ಟೇ ಬೇರೆ ತೆಗೆಯಬಹುದು. ಪೂರ್ತಿ ಜೇಡಿಮಣ್ಣಿನಲ್ಲಿ ಅದರಿಂದ ಲಾಭವಿಲ್ಲ.

ಇನ್ನೊಂದು, ರೇಡಿಯಂ ಇದ್ದರೆ ತಾಳ್ಮೆ ಬೇಕು. ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಮಣ್ಣು ಅಗೆದು ಒಣಗಿಸುವಾಗ ಅದು ಹಾರಿಹೋಗುತ್ತದೆ. ನಾವು ಅಳೆಯುವುದು ರೇಡಾನ್ ಒಡೆದು ಹುಟ್ಟುವ ಮುಂದಿನ ಪೀಳಿಗೆಯ ಪರಮಾಣುಗಳ ಗಾಮಾವನ್ನು. ಹಾಗಾಗಿ ಹಾರಿಹೋದ ರೇಡಾನ್ ಮತ್ತೆ ತುಂಬಿಕೊಳ್ಳಲಿ ಎಂದು ಮಾದರಿಯನ್ನು ಡಬ್ಬಿಯಲ್ಲಿ ಗಾಳಿ ಆಡದ ಹಾಗೆ ಮುಚ್ಚಿ ಸುಮಾರು ಮೂರು ವಾರ ಇಡಬೇಕು. ಗುಂಡಿ ಬಾಯಿ ತೆರೆದುಕೊಂಡಿರುತ್ತದೆ, ಮಳೆ ಬರುವ ಹಾಗಿರುತ್ತದೆ, ಗುತ್ತಿಗೆದಾರರು ದಿನಾ ಫೋನ್ ಮಾಡುತ್ತಾರೆ. ಆದರೂ ಮುಚ್ಚಲು ನಾನು ಸಹಿ ಹಾಕುವುದಿಲ್ಲ.

ಲಾರಿ ತುಂಬುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದು ಬರಹದಲ್ಲಿ ಇರಬೇಕು. ಮಾಂಟ್‌ಕ್ಲೇರ್‌ನಲ್ಲಿ ಮೊದಲ ಸಲ ಮಣ್ಣು ತೆಗೆದಾಗ ಕಳಿಸಲು ಜಾಗ ಸಿಗಲಿಲ್ಲ. ಸಾವಿರಾರು ಡ್ರಮ್ಮುಗಳು ಜನರ ಮನೆ ಮುಂದಿನ ಹುಲ್ಲಿನ ಮೇಲೇ ತಿಂಗಳುಗಟ್ಟಲೆ ಕೂತವು.

ಪ್ರಶ್ನೆ: ಎಷ್ಟು ಕಡಿಮೆಯಾದರೆ "ಶುದ್ಧ" ಅನ್ನುತ್ತೀರಿ? ಸೊನ್ನೆ ಮಾಡಲ್ಲ ಅಂದರೆ ಅದು ಜನರಿಗೆ ಮೋಸ ಅಲ್ವಾ?

ನಿಮ್ಮ ಅನುಮಾನ ನ್ಯಾಯವಾದದ್ದು. ಸೊನ್ನೆ ಮಾಡಲು ಆಗುವುದಿಲ್ಲ, ಯಾಕೆಂದರೆ ಕೈ ಹಾಕದ ಕಾಡಿನ ಮಣ್ಣೂ ಸೊನ್ನೆ ಅಲ್ಲ. ಪ್ರಪಂಚದಲ್ಲಿ ಸರಾಸರಿ ಒಬ್ಬರಿಗೆ ನಿಸರ್ಗದಿಂದಲೇ ವರ್ಷಕ್ಕೆ ಸುಮಾರು 2.4ರಿಂದ 3 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಬರುತ್ತದೆ. ಅದರ ಮೇಲೆ ಮಾಡುವ ಲೆಕ್ಕ ನಮ್ಮದು. ಅಮೆರಿಕದಲ್ಲಿ ಪರವಾನಗಿ ಮುಗಿಸಿ ಜಾಗ ಬಿಟ್ಟುಕೊಡಲು ವರ್ಷಕ್ಕೆ 0.25 ಮಿಲಿಸೀವರ್ಟ್ ಮಿತಿ. ಯುರೇನಿಯಂ ಅದಿರಿನ ಕಸ ಬಿದ್ದ ನೆಲಕ್ಕೆ ಅಲ್ಲಿನ ನಿಯಮದಲ್ಲಿ ರೇಡಿಯಂ ಮೇಲಿನ 15 ಸೆಂಟಿಮೀಟರಿನಲ್ಲಿ, ಹಿನ್ನೆಲೆ ಬಿಟ್ಟು, ಗ್ರಾಂಗೆ 5 ಪಿಕೋಕ್ಯೂರಿ. ಅಂದರೆ ಕಿಲೋಗೆ 185 ಬೆಕ್ವೆರೆಲ್. ಇವೆರಡೂ ಒಂದು ವಸ್ತುವಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎಂದು ಹೇಳುವ ಅಳತೆಗಳು.

ಈ ಸಂಖ್ಯೆ ಬರುವುದು "ಇಲ್ಲಿ ಯಾರು ಬಾಳುತ್ತಾರೆ" ಎಂಬ ಪ್ರಶ್ನೆಯಿಂದ. ಬರೀ ಪಾರ್ಕಿಂಗ್ ಜಾಗವಾ? ಮನೆ ಕಟ್ಟಿ, ಹಿತ್ತಲಲ್ಲಿ ಸೊಪ್ಪು ಬೆಳೆದು, ಅಲ್ಲೇ ಬಾವಿ ನೀರು ಕುಡಿಯುತ್ತಾರಾ? ಮಗು ಮಣ್ಣಲ್ಲಿ ಆಡಿ ಬಾಯಿಗೆ ಕೈ ಹಾಕುತ್ತದಾ? ಮೋಸ ನಡೆಯುವುದಾದರೆ ಈ ಊಹೆಯಲ್ಲೇ ನಡೆಯುತ್ತದೆ. ಪಾರ್ಕಿಂಗ್ ಎಂದು ಲೆಕ್ಕ ಹಾಕಿ ಹತ್ತು ವರ್ಷದ ಮೇಲೆ ಮನೆ ಕಟ್ಟಲು ಬಿಡುವುದು. ಹಾಗಾಗಿ ಅಂಕಿ ಕೇಳುವ ಮೊದಲು ಊಹೆ ಕೇಳಿ. ಕೆಲಸ ಮಾಡಿದವರು ಬಿಟ್ಟು ಬೇರೆಯವರು ಮತ್ತೆ ಅಳೆದಿದ್ದಾರಾ ಎಂದೂ ಕೇಳಿ. ಸುತ್ತಲಿನವರ ಕೈಗೆ ಮೀಟರ್ ಕೊಟ್ಟು, ಅವರೇ ನಡೆದು ನೋಡಲಿ ಎಂದು ನಾನು ಪ್ರತಿ ಸಲ ಹಟ ಹಿಡಿಯುತ್ತೇನೆ. ಅದು ಅವರ ನೆಲ.

ಪ್ರಶ್ನೆ: ಪಾಳು ಕಟ್ಟಡದಲ್ಲಿ ಅನುಮಾನದ ಲೋಹದ ವಸ್ತು ಸಿಕ್ಕರೆ?

ಮುಟ್ಟಬೇಡಿ, ಬಿಚ್ಚಬೇಡಿ, ಗುಜರಿಗೆ ಹಾಕಬೇಡಿ. ದೂರ ಹೋಗಿ, ಬೇರೆಯವರನ್ನೂ ದೂರ ಇಟ್ಟು, ನಿಮ್ಮ ದೇಶದ ಅಣು ನಿಯಂತ್ರಣ ಸಂಸ್ಥೆಗೋ ಪೊಲೀಸರಿಗೋ ತಿಳಿಸಿ.

1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತೊಯ್ದ ಯಂತ್ರವನ್ನು ಗುಜರಿಯಲ್ಲಿ ಬಿಚ್ಚಿದರು. ಒಳಗಿದ್ದದ್ದು 93 ಗ್ರಾಂ ಸೀಸಿಯಂ ಕ್ಲೋರೈಡ್, ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ. ಚೆಂದ ಇದೆ ಎಂದು ಹಂಚಿಕೊಂಡರು. ನಾಲ್ಕು ಜನ ತೀರಿಕೊಂಡರು, ಅದರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಮನೆಗಳನ್ನು ಕೆಡವಿದರು. ಕೊನೆಗೆ ಉಳಿದ ಕಸ ಸುಮಾರು 3500 ಘನ ಮೀಟರ್. ಒಂದು ಹಿಡಿ ಪುಡಿ, ಅಷ್ಟು ಕಸ. ಹರಡುವುದು ಅಂದರೆ ಏನು ಎಂದು ಹೊಸಬರಿಗೆ ಹೇಳುವಾಗ ನಾನು ಇದನ್ನೇ ಹೇಳುವುದು.

ಪ್ರಶ್ನೆ: ಎಲ್ಲ ಮುಗಿದ ಮೇಲೆ ಆ ಜಾಗವನ್ನು ಮರೆತುಬಿಡಬಹುದಾ?

ಕೆಲವನ್ನು ಬಿಡಬಹುದು. ಹಲವನ್ನು ಬಿಡಲಾಗದು. ಓಹಾಯೋದ ಫರ್ನಾಲ್ಡ್‌ನಲ್ಲಿ ಯುರೇನಿಯಂ ಕಾರ್ಖಾನೆ 1989ರಲ್ಲಿ ನಿಂತಿತು, ನೆಲದ ಮೇಲಿನ ಶುದ್ಧೀಕರಣ 2006ರಲ್ಲಿ ಮುಗಿಯಿತು. ಖರ್ಚು 440 ಕೋಟಿ ಡಾಲರ್. ಈಗ ಅಲ್ಲಿ ಹುಲ್ಲುಗಾವಲು, ಹಕ್ಕಿ, ನಡೆಯುವ ದಾರಿ ಇದೆ. ಆದರೆ ಕಸದ ದೊಡ್ಡ ಪಾಲು ಅಲ್ಲೇ ಕಟ್ಟಿದ ದಿಬ್ಬದೊಳಗಿದೆ, ಅದನ್ನು ಕಾಯಬೇಕು. ಅಂತರ್ಜಲದಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂಗೆ ಇಳಿಯಲಿ ಎಂದು ಆಮೇಲೂ ನೀರೆತ್ತಿ ಶುದ್ಧ ಮಾಡುತ್ತಲೇ ಬಂದರು.

ನಾನು ಮೊದಲು ಹೇಳಿದ ಶಿಕಾಗೋದ ಮ್ಯಾಂಟಲ್ ಕಾರ್ಖಾನೆ ನೆನಪಿದೆಯಲ್ಲ? ಆ ಜಾಗದ ಸುತ್ತ ಈಗ ಎತ್ತರದ ಕಟ್ಟಡಗಳು ನಿಂತಿವೆ. ಅಲ್ಲಿ ಪೈಪ್ ರಿಪೇರಿಗೆಂದು ಫುಟ್‌ಪಾತ್ ಅಗೆಯಬೇಕಾದರೂ ಅನುಮತಿ ಪತ್ರದ ಜೊತೆ ಒಬ್ಬರು ವಿಕಿರಣ ಮೀಟರ್ ಹಿಡಿದು ಗುಂಡಿಯ ಪಕ್ಕ ನಿಂತಿರಬೇಕು.